ಕರೆಂಟ್ ಉಂಟಾ?

ಹಲಸಿನ ಹಣ್ಣಿನ ವಾಸನೆ ಬಂದರೆ ಊರಿನವರಿಗೆಲ್ಲ ಬಾಯಲ್ಲಿ ನೀರೂರುತ್ತದೆ. ನನಗೆ ಸಿಟ್ಟು ಬರುತ್ತದೆ. ಈ ಸಲದ ಪುತ್ತೂರಿನ ಹಲಸಿನ ಮೇಳಕ್ಕೂ ಹೋಗಬಾರದು ಎಂದೇ ಇದ್ದೆ. ಆದರೆ ಉದ್ಘಾಟನೆಗೆ ನಮ್ಮ ಅಣ್ಣನೇ ಅತಿಥಿ. ಅತ್ತಿಗೆ ಬಿಡದೆ ಫೋನ್ ಮಾಡಿ ಕರೆದಿದ್ದರು. ಹೋದೆ. ಸಭಾಂಗಣದ ಬಾಗಿಲಿಗೆ ಬರುವಾಗಲೇ ವಾಸನೆ ಮುಖಕ್ಕೆ ಬಡಿಯಿತು. ಹಪ್ಪಳ, ಚಿಪ್ಸ್, ಎಣ್ಣೆಯಲ್ಲಿ ಕುಣಿಯುವ ಮುಳ್ಕ, ಮೂಲೆಯಲ್ಲೊಂದು ಐಸ್‌ಕ್ರೀಂ ಅಂಗಡಿ. ಕಾಲು ಅಲ್ಲಿಗೇ ಎಳೆಯಿತು. ಒಂದು ಕಪ್ ತೆಗೆದುಕೊಂಡು, ಹಣ್ಣು ಎಲ್ಲಿಯದು ಎಂದು ಕೇಳಿದೆ.

"ಹಣ್ಣು ನಿಮ್ಮ ಕಡೆಯದ್ದೇ ಮೇಡಂ, ಸುಳ್ಯದ್ದು. ಲಾರಿಯಲ್ಲಿ ನಮ್ಮಲ್ಲಿಗೆ ಬರ್ತದೆ. ಮಾಡುದು ಮಾತ್ರ ಅಲ್ಲಿ, ಕೇರಳದಲ್ಲಿ" ಎಂದ ಅಂಗಡಿಯವನು.

ಅಷ್ಟರಲ್ಲಿ ವೇದಿಕೆಯ ಮೇಲೆ ಅಣ್ಣ ಮಾತಿಗೆ ನಿಂತಿದ್ದ. ನಮ್ಮ ಹಣ್ಣು ನಮ್ಮಲ್ಲೇ ಸಂಸ್ಕರಣೆ ಆಗಬೇಕು, ಅದಕ್ಕೆ ಊರೂರಲ್ಲಿ ಕೋಲ್ಡ್ ಸ್ಟೋರೇಜ್ ಬೇಕು ಎಂದು ಮೈಕಿನಲ್ಲಿ ಹೇಳುತ್ತಿದ್ದಾಗಲೇ ಕರೆಂಟ್ ಹೋಯಿತು. ಹೊರಗೆ ಜನರೇಟರ್ ಗುಡುಗಿತು, ಮೈಕಿಗೆ ಜೀವ ಬಂತು. "ನೋಡಿ, ಇದು ನಮ್ಮ ಅವಸ್ಥೆ!" ಎಂದ ಅಣ್ಣ. ಜನ ನಕ್ಕು ಚಪ್ಪಾಳೆ ತಟ್ಟಿದರು. ನಾನು ಅರ್ಧ ತಿಂದ ಕಪ್ಪನ್ನು ಅಲ್ಲೇ ಇಟ್ಟು ಹೊರಗೆ ಬಂದೆ. ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರೆ ತುಂಬಿದ ಸಭೆಯಲ್ಲಿ ಅಣ್ಣನ ಮರ್ಯಾದೆ ತೆಗೆದುಬಿಡುತ್ತಿದ್ದೆ. ಬಸ್‌ಸ್ಟ್ಯಾಂಡಿಗೆ ನಡೆದು ಸುಳ್ಯದ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕುಳಿತರೆ ಆ ಬೇಸಿಗೆ ಬಿಟ್ಟು ಬೇರೆ ಏನೂ ನೆನಪಾಗಲಿಲ್ಲ.

ಕೊರೊನಾ ಕಳೆದು ಜನ ಮತ್ತೆ ಮುಖ ತೋರಿಸಿಕೊಂಡು ಓಡಾಡತೊಡಗಿದ ಕಾಲ ಅದು. ನಮ್ಮ ಮನೆ ಇರುವುದು ಅರಂತೋಡಿನಿಂದ ಸ್ವಲ್ಪ ಆಚೆ, ಮಡಿಕೇರಿ ರಸ್ತೆಗೆ ತಾಗಿ. ಪಕ್ಕದ ಮನೆ ಮೈಮೂನಳದ್ದು. ಅವಳ ಗಂಡ ಹಮೀದ್ ಮದುವೆಯಾದ ವರ್ಷವೇ ಗಲ್ಫಿಗೆ ಹೋದವನು, ಅಲ್ಲಿನ ದೊಡ್ಡ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ. ಎರಡು ವರ್ಷಕ್ಕೊಮ್ಮೆ ಬಂದು, ಮಕ್ಕಳಿಗೆ ತನ್ನ ಪರಿಚಯ ಆಗುವಷ್ಟರಲ್ಲಿ ವಾಪಸು ಹೋಗುತ್ತಿದ್ದ. ಕೊರೊನಾದಲ್ಲಿ ಬಂದವನು ಬಹಳ ತಿಂಗಳು ಉಳಿದ. ಆಗ ಮೈಮೂನಳಿಗೆ ಗಂಡ ಮನೆಯಲ್ಲಿರುವ ರುಚಿ ಹತ್ತಿತು. ಹಾಗೆಂದು ಅವಳೇ ನಾಚಿಕೆ ಬಿಟ್ಟು ನನ್ನಲ್ಲಿ ಹೇಳಿದಳು.

"ಸುಮತಿಯಕ್ಕ, ಇವರು ಅಲ್ಲಿ ಯಾರದ್ದೋ ಮೀನು, ಮಾಂಸ ತಣ್ಣಗೆ ಇಡ್ಲಿಕ್ಕೆ ಇಷ್ಟು ವರ್ಷ ದುಡಿದದ್ದು. ಇಲ್ಲಿ ನಮ್ಮ ಹಲಸು ಮರದಡಿಯಲ್ಲಿ ಕೊಳೆತು ಹೋಗುದು. ಆ ಕೆಲಸ ಇಲ್ಲೇ ಮಾಡ್ಲಿಕ್ಕೆ ಎಂತ?"

ಮಾತು ಅಷ್ಟೇ. ಆದರೆ ಅದರಿಂದ ನಾವಿಬ್ಬರೂ ಎದ್ದು ನಿಂತೆವು. ರಸ್ತೆ ಬದಿಯ ನಮ್ಮ ಹಳೆಯ ಶೆಡ್ಡನ್ನು ನಾನು ಬಿಟ್ಟುಕೊಟ್ಟೆ. ಬೆಂಗಳೂರಿನಿಂದ ದಪ್ಪ ದಪ್ಪ ಹಲಗೆಗಳನ್ನು ತರಿಸಿ, ಹಮೀದ್ ಅದರೊಳಗೆ ಒಂದು ಕೋಲ್ಡ್ ರೂಮ್ ನಿಲ್ಲಿಸಿದ. ಬಾಗಿಲು ಮುಚ್ಚಿದರೆ ಒಳಗೆ ಹಣ್ಣು ಕಲ್ಲಾಗುವಷ್ಟು ಚಳಿ. ಮೊದಲ ದಿನ ಅದರೊಳಗೆ ಹೋಗಿ ಬಂದ ನಮ್ಮ ಯಜಮಾನರು ಎರಡು ಸಲ ಸೀನಿ, "ಇನ್ನು ಮಡಿಕೇರಿಗೆ ಹೋಗ್ಬೇಕೂಂತ ಇಲ್ಲ" ಎಂದಿದ್ದರು. ಬೆಂಗಳೂರಿನ ಐಸ್‌ಕ್ರೀಂ ತಯಾರಿಸುವವರೊಬ್ಬರು ರೈಲಿನಲ್ಲಿ ನೆಟ್ಟಣಕ್ಕೆ ಬಂದಿಳಿದು, ನಮ್ಮಲ್ಲಿಗೆ ಬಂದು, ಹಲಸಿನ ಸೊಳೆ ತಿಂದು, ಮಳೆಗಾಲ ಹಿಡಿಯುವ ಮೊದಲು ಒಂದು ಲಾರಿ ತುಂಬ ಬೇಕು ಎಂದು ಹೇಳಿ ಹೋದರು. ಅದು ಸರಿಯಾಗಿ ಹೋದರೆ ಹಮೀದ್ ಇಲ್ಲೇ. ಇಲ್ಲದಿದ್ದರೆ ಗಲ್ಫಿನ ಕಂಪನಿ ಅವನಿಗಾಗಿ ಇನ್ನೂ ಜಾಗ ಇಟ್ಟುಕೊಂಡಿತ್ತು.

ಮಾರ್ಚಿನ ಕೊನೆಗೆ ಕೆಲಸ ಸುರುವಾಯಿತು. ಆಚೀಚೆ ಮನೆಯ ಹೆಂಗಸರೆಲ್ಲ ಬಂದರು. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು, ಬಕ್ಕೆ ಹಲಸನ್ನು ಕೊಯ್ದು, ಗಟ್ಟಿ ಸೊಳೆ ಬಿಡಿಸಿ, ಬೀಜ ತೆಗೆದು ತುಂಬಿಸುವುದು. ಎಷ್ಟು ಎಣ್ಣೆ ಹಚ್ಚಿದರೂ ಮೇಣ ಉಗುರಿನ ಸಂದಿಯಲ್ಲಿ ಉಳಿಯುತ್ತಿತ್ತು. ನಗು, ಹರಟೆ, ಸೊಸೆಯಂದಿರ ದೂರು, ಅತ್ತೆಯಂದಿರ ದೂರು. ಈಗ ಎಣಿಸಿದರೆ ನನ್ನ ಜೀವನದಲ್ಲಿ ಅಷ್ಟು ಖುಷಿಯ ಕೆಲಸ ನಾನು ಮತ್ತೊಂದು ಮಾಡಿಲ್ಲ.

ಕಷ್ಟ ಒಂದೇ, ಕರೆಂಟು. ನಮ್ಮ ಕಡೆ ಯಾರಿಗಾದರೂ ಫೋನ್ ಮಾಡಿದರೆ, ಆರೋಗ್ಯವಾ ಎಂದು ಕೇಳುವ ಮೊದಲು "ಕರೆಂಟ್ ಉಂಟಾ?" ಎಂದು ಕೇಳುವುದು ಕ್ರಮ. ಕೇಳಬೇಕಾದದ್ದೇ. ಪುತ್ತೂರಿನಿಂದ ಬರುವ ಒಂದು ಹಳೆಯ ಲೈನಿಗೆ ಇಡೀ ಸುಳ್ಯ ಜೋತುಬಿದ್ದಿದೆ. ಅದು ಬರುವುದು ಕಾಡು ಗುಡ್ಡಗಳ ಮಧ್ಯೆ. ದಾರಿಯಲ್ಲಿ ಎಲ್ಲಿ ಒಂದು ಕೊಂಬೆ ಮುರಿದರೂ ನಮ್ಮಲ್ಲಿ ಕತ್ತಲೆ. ಕಡಬದವರನ್ನು ಕೇಳಿದರೆ ಅವರದ್ದೂ ಇದೇ ರಾಗ. ಕೊಲ್ಲಮೊಗ್ರಿನ ಕಾಡಂಚಿನಲ್ಲಿ ಕೆಲವರು ಕರೆಂಟಿನ ಇಲಾಖೆಯವರನ್ನು ನಂಬಿ ಸುಖವಿಲ್ಲ ಎಂದು ತೊರೆಯ ನೀರಿಗೆ ಸಣ್ಣ ಚಕ್ರ ಕೂರಿಸಿ, ತಮ್ಮ ಮನೆಗೆ ತಾವೇ ಬೆಳಕು ಮಾಡಿಕೊಂಡಿದ್ದಾರೆ. ದೊಡ್ಡದೊಂದು ಹೊಸ ಲೈನು ಬರುತ್ತದೆ, ಅದು ಬಂದರೆ ಎಲ್ಲ ಸರಿಯಾಗುತ್ತದೆ ಎಂಬ ಮಾತನ್ನು ನಾನು ಲಂಗ ಹಾಕಿಕೊಂಡು ಶಾಲೆಗೆ ಹೋಗುವಾಗ ಕೇಳಿದ್ದೆ. ನನ್ನ ಮಗಳ ಮದುವೆಯ ಚಪ್ಪರದಲ್ಲೂ ಅದೇ ಮಾತು ಕೇಳಿದೆ. ಸರಕಾರಗಳು ಬಂದವು, ಹೋದವು, ಲೈನು ಬರಲಿಲ್ಲ. ಇದ್ದ ಲೈನಿಗೆ ಹೊಸ ಮನೆ, ಹೊಸ ಪಂಪು ಸೇರಿಸುತ್ತ ಹೋದರೇ ಹೊರತು ಹೊಸತಕ್ಕೆ ಯಾರೂ ಕೈಬಿಚ್ಚಲಿಲ್ಲ.

ಇದ್ದ ಕರೆಂಟನ್ನಾದರೂ ನಾವು ಸರಿಯಾಗಿ ಹಂಚಿಕೊಂಡೆವೇ? ಬೇಸಿಗೆಯಲ್ಲಿ ತೋಟದ ಪಂಪಿಗೆ ತ್ರೀಫೇಸ್ ಕರೆಂಟ್ ಬರುವುದು ಹಗಲಿನ ಕೆಲವು ಗಂಟೆ ಮಾತ್ರ. ಕಾದು ಕುಳಿತು ಸ್ವಿಚ್ ಹಾಕುವವರು ಯಾರು? ಎಲ್ಲರೂ ಪಂಪಿಗೆ ಆಟೋ ಸ್ಟಾರ್ಟರ್ ಎಂಬ ಪೆಟ್ಟಿಗೆ ಕೂರಿಸಿದ್ದಾರೆ. ಕರೆಂಟ್ ಬಂದ ಕೂಡಲೇ ಅದು ಪಂಪನ್ನು ತಾನಾಗಿಯೇ ಎಬ್ಬಿಸುತ್ತದೆ. ಊರಿನ ಪಂಪುಗಳೆಲ್ಲ ಒಂದೇ ಏಟಿಗೆ ಎದ್ದರೆ ವೋಲ್ಟೇಜ್ ನೆಲ ಕಚ್ಚುತ್ತದೆ. ನಮ್ಮ ಕೋಲ್ಡ್ ರೂಮಿನ ಯಂತ್ರ ಒಮ್ಮೆ ನರಳಿ ಸುಮ್ಮನಾಗುತ್ತಿತ್ತು. ಆಗೀಗ ಟ್ರಾನ್ಸ್‌ಫಾರ್ಮರಿನ ಫ್ಯೂಸೇ ಹೋಗುತ್ತಿತ್ತು. ಫ್ಯೂಸ್ ಹಾಕಲು ಬರುತ್ತಿದ್ದ ಲೈನ್‌ಮ್ಯಾನ್ ಹನುಮಂತ ಬಾಗಲಕೋಟೆ ಕಡೆಯವನು.

"ಅಕ್ಕಾರ, ನಾ ಹಾಕೂದು, ನೀವು ಸುಡೂದು. ಇಷ್ಟೂ ಮೋಟರ್ ಒಮ್ಮೆಲೇ ಎದ್ದರ ಈ ಟ್ರಾನ್ಸ್‌ಫಾರ್ಮರ್ ಏನ್ ಮಾಡ್ತೈತಿ ಹೇಳ್ರಿ? ಪಾಳಿ ಹಚ್ಚಿಕೋರಿ" ಎಂದ ಅವನು.

ಸರದಿ ನಮಗೆ ಹೊಸದಲ್ಲ. ನಮ್ಮ ಹಿರಿಯರು ಹೊಳೆಗೆ ಕಲ್ಲು ಮಣ್ಣಿನ ಕಟ್ಟ ಕಟ್ಟಿ, ಆ ನೀರನ್ನು ಇವತ್ತು ನಿಮ್ಮ ತೋಟಕ್ಕೆ, ನಾಳೆ ನಮ್ಮ ತೋಟಕ್ಕೆ ಎಂದು ಬಿಟ್ಟುಕೊಂಡು ಬದುಕಿದವರು. ಸರದಿ ತಪ್ಪಿಸಿ ನೀರು ತಿರುಗಿಸಿದವನ ಮನೆಯ ಊಟಕ್ಕೆ ಯಾರೂ ಹೋಗುತ್ತಿರಲಿಲ್ಲ. ಆ ಧೈರ್ಯದಲ್ಲಿ ನಾನೂ ಮೈಮೂನಳೂ ಮನೆಮನೆಗೆ ಹೋದೆವು. ಎಲ್ಲ ಕಡೆ ಮರ್ಯಾದೆಗೇನೂ ಕಡಿಮೆಯಿಲ್ಲ, ಬೆಲ್ಲ ನೀರು, ಚಾ, ಬಾಳೆಹಣ್ಣು.

"ಅದಕ್ಕೆಂತ ಮಾರಾಯ್ತಿ, ಅರ್ಧ ಜನ ಬೆಳಿಗ್ಗೆ ಹಾಕುವ, ಅರ್ಧ ಜನ ಮಧ್ಯಾಹ್ನ. ಹೆಂಗಸರು ಒಂದು ಒಳ್ಳೆ ಕೆಲಸ ಮಾಡುವಾಗ ನಾವು ಅಷ್ಟೂ ಮಾಡದಿದ್ರೆ ಹೇಗೆ?" ಎಂದರು ಎಲ್ಲರಿಗಿಂತ ದೊಡ್ಡ ತೋಟದ ನಾರಾಯಣಣ್ಣ.

ಮರುದಿನ ಕರೆಂಟ್ ಬಂತು. ಶೆಡ್ಡಿನ ಅಂಗಳದಲ್ಲಿ ಕಿವಿಗೊಟ್ಟು ನಿಂತೆವು. ನಾರಾಯಣಣ್ಣನ ಪಂಪಿನಿಂದ ಹಿಡಿದು ಹೊಳೆಬದಿಯ ಕೊನೆಯ ಪಂಪಿನವರೆಗೆ ಎಲ್ಲವೂ ಒಟ್ಟಿಗೆ ಗುಂಯ್ ಎಂದವು. ಸಂಜೆ ನಾರಾಯಣಣ್ಣ ರಸ್ತೆಯಲ್ಲಿ ಸಿಕ್ಕಿದಾಗ ಕೇಳಿಯೇಬಿಟ್ಟೆ. ಮುಖದಲ್ಲಿ ನಾಚಿಕೆಯ ಸುಳಿವೂ ಇಲ್ಲದೆ, "ನನ್ನದು ಒಂದು ಪಂಪಿನಿಂದ ಎಂತ ಆಗ್ತದೆ, ಉಳಿದವರು ಬಂದ್ ಮಾಡಿರ್ತಾರಲ್ಲ ಅಂತ ಎಣಿಸಿದೆ" ಎಂದರು. ಊರಿಡೀ ಹಾಗೆಯೇ ಎಣಿಸಿತ್ತು. ಹೊಳೆಯ ನೀರಾದರೆ ಯಾರು ತಿರುಗಿಸಿದರು ಎಂದು ಕಣ್ಣಿಗೆ ಕಾಣುತ್ತಿತ್ತು, ಕರೆಂಟ್ ಕದ್ದವನ ಕಾಲು ಯಾರಿಗೂ ಕಾಣುವುದಿಲ್ಲ.

ಇಷ್ಟಾದರೂ ಹಮೀದ್ ಧೈರ್ಯ ಬಿಟ್ಟಿರಲಿಲ್ಲ. ರಾತ್ರಿ ಪಂಪುಗಳೆಲ್ಲ ಮಲಗಿದ ಮೇಲೆ ಯಂತ್ರ ಓಡಿಸಿ, ಹಗಲು ಬಾಗಿಲು ತೆಗೆಯದೆ ಚಳಿ ಉಳಿಸಿಕೊಂಡು ಹೇಗೋ ಸುಧಾರಿಸುತ್ತಿದ್ದ. ಅವನ ಧೈರ್ಯಕ್ಕೆ ಕಾರಣವೂ ಇತ್ತು. ಆ ವರ್ಷ ದೊಡ್ಡ ಲೈನಿನ ಕೆಲಸ ನಿಜವಾಗಿಯೂ ಸುರುವಾಗಿತ್ತು. ಅಳತೆಯವರು ಬಂದು ಟವರ್ ನಿಲ್ಲಿಸುವ ಜಾಗಗಳಲ್ಲಿ ಗೂಟ ಹೊಡೆಯುತ್ತಿದ್ದರು. "ಟವರ್ ಏಳ್ತದೆ ಅಂತಾದ್ರೆ ಒಂದೆರಡು ವರ್ಷದ ಕಷ್ಟ ತಡೀಬಹುದು ಅಕ್ಕ. ಬರುದೇ ಇಲ್ಲ ಅಂತಾದ್ರೆ ಮಾತ್ರ ತಡೀಲಿಕ್ಕಾಗುದಿಲ್ಲ" ಎನ್ನುತ್ತಿದ್ದ.

ಆಗ ಪೇಪರಿನಲ್ಲಿ ಆ ಸುದ್ದಿ ಬಂತು. ಪುತ್ತೂರು ಮತ್ತು ಸುಳ್ಯದ ನಡುವೆ ಒಂದು ಕಡೆ ಕೆಲಸಕ್ಕೆ ಕೋರ್ಟಿನಿಂದ ತಡೆಯಾಜ್ಞೆ ಬಂದಿತ್ತು. ತಂದವರ ಹೆಸರು ಓದಿ ಹಮೀದ್ ಪೇಪರನ್ನು ಮಡಚಿದ. "ಅಕ್ಕ, ಇದು ನಿಮ್ಮ ಅಣ್ಣ ಅಲ್ವಾ?" ಎಂದು ಕೇಳಿದ. ನಮ್ಮ ಅಣ್ಣನೇ. ಕರೆಂಟಿಗಾಗಿ ಹೋರಾಡುವ ಬಳಕೆದಾರರ ಸಮಿತಿಯ ಅಧ್ಯಕ್ಷ. ಸುಳ್ಯದ ಬೀದಿಯಲ್ಲಿ ಕಂದೀಲು ಹಿಡಿದು ಮೆರವಣಿಗೆ ಮಾಡಿಸಿದವನು, ಹೊಸ ಲೈನು ಬರಲೇಬೇಕು ಎಂದು ಗಂಟಲು ಹರಿದುಕೊಂಡವನು.

ಅವತ್ತೇ ತವರಿಗೆ ಹೋದೆ. ಅಣ್ಣ ತೋಟದಲ್ಲಿದ್ದ. ಕಡಿಯಬೇಕೆಂದು ಅಳತೆಯವರು ಮರಗಳ ಮೇಲೆ ಹಚ್ಚಿದ ಕೆಂಪು ಬಣ್ಣದ ಗುರುತು ಹಾಗೇ ಇತ್ತು.

"ನೀನು ಅಧ್ಯಕ್ಷ ಅಲ್ವಾ ಅಣ್ಣ?" ಎಂದೆ.

"ಅಧ್ಯಕ್ಷ ಅಂತ ಎದೆ ಮೇಲೆ ಟವರ್ ನಿಲ್ಲಿಸಿಕೊಳ್ಳುದಾ? ಲೈನ್ ಬೇಡ ಅಂತ ನಾನು ಹೇಳಿದೆನಾ? ಬರ್ಲಿ. ಕಾಡಿನ ಬದಿಯಿಂದ ಬರ್ಲಿ."

"ಫಾರೆಸ್ಟ್ ಇಲಾಖೆಯವರು ತೋಟದ ಬದಿಯಿಂದ ಹೋಗಿ ಅಂತಾರಂತೆ."

"ಹಾಗಾದ್ರೆ ಮಣ್ಣಿನಡಿಯಲ್ಲಿ ಕೇಬಲ್ ಹಾಕ್ಲಿ. ಅದಕ್ಕೆ ಇವರಲ್ಲಿ ದುಡ್ಡಿಲ್ಲ. ನನ್ನ ತೋಟ ಆದ್ರೆ ಪುಕ್ಕಟೆ ಅಲ್ವಾ? ಈ ತಂತಿಯಡಿಯಲ್ಲಿ ಇನ್ನು ಒಂದು ಮರ ತಲೆ ಎತ್ತುವ ಹಾಗಿಲ್ಲ. ಅಪ್ಪ ನೆಟ್ಟ ಮರ ಇದು, ನಿನಗೂ ಗೊತ್ತುಂಟು."

ಅಣ್ಣ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನನಗೆ ಹೆಚ್ಚು ಸಿಟ್ಟು ತರಿಸಿದ್ದೂ ಅದೇ. ಅವನು ಬರೀ ಸ್ವಾರ್ಥಿಯಾಗಿದ್ದರೆ ನಾಲ್ಕು ಬೈದು ಬಂದು ನೆಮ್ಮದಿಯಾಗಿ ಮಲಗುತ್ತಿದ್ದೆ. ಒಳ್ಳೆಯ ದಾರಿ ಹುಡುಕಲು, ಸರಿಯಾದ ಪರಿಹಾರ ಕೊಡಲು ಮೇಲಿನವರಿಗೆ ಮನಸ್ಸಿಲ್ಲ. ಸ್ವಲ್ಪ ಬಿಟ್ಟುಕೊಡಲು ಕೆಳಗಿನವರಿಗೆ ಮನಸ್ಸಿಲ್ಲ. ಇಬ್ಬರ ಕೈಯಲ್ಲೂ ಕಾರಣ ಇತ್ತು. ಇಲ್ಲದ್ದು ಕರೆಂಟ್ ಮಾತ್ರ.

ಕೊನೆಗೆ ಹೇಳಿದೆ: "ಹೀಗಾದ್ರೆ ಹಮೀದ್ ಪುನಃ ಹೋಗ್ತಾನೆ ಅಣ್ಣ. ಆ ಹುಡುಗಿ ಇಷ್ಟು ವರ್ಷ ಒಬ್ಬಳೇ ಇದ್ದದ್ದು."

"ಅವರಿಗೆ ಗಲ್ಫ್ ಉಂಟು ಮಾರಾಯ್ತಿ. ನಮಗೆ ಎಂತ ಉಂಟು? ಈ ತೋಟ ಒಂದೇ" ಎಂದ ಅಣ್ಣ.

ಅತ್ತಿಗೆ ಊಟಕ್ಕೆ ಎಲೆ ಹಾಕಿದ್ದರು. ಉಣ್ಣದೆ ಬಂದೆ. ತವರಿನಿಂದ ಹಾಗೆ ಎದ್ದು ಬಂದದ್ದು ಅದೇ ಮೊದಲು.

ಮೇ ತಿಂಗಳಲ್ಲಿ ಕೋಲ್ಡ್ ರೂಮ್ ಬಾಗಿಲಿನವರೆಗೆ ತುಂಬಿತು. ಬೆಂಗಳೂರಿನವರಿಗೆ ಫೋನ್ ಮಾಡಿ, ಲಾರಿ ಕಳಿಸಲು ಹೇಳಿದೆವು. ಲಾರಿ ಬರುವ ಮೊದಲು ಗಾಳಿ ಬಂತು. ಮಧ್ಯಾಹ್ನದ ಸೆಕೆಯಲ್ಲಿ ಒಮ್ಮೆಗೇ ಆಕಾಶ ಕಪ್ಪಾಗಿ, ಗುಡುಗು ಸಿಡಿಲು, ರಸ್ತೆಗೆ ಅಡ್ಡಲಾಗಿ ಮರಗಳು. ಕಾಡಿನ ಒಳಗೆ ಹಳೆಯ ಲೈನಿನ ಕಂಬಗಳು ಸಾಲಾಗಿ ಮಲಗಿದವು. ಊರಿಗೆ ಊರೇ ಆರಿತು. ಲಾರಿಯವನು ದಾರಿ ಬಿಟ್ಟ ಮೇಲೆ ಬರುತ್ತೇನೆ ಎಂದ.

ನಮ್ಮದೊಂದು ಜನರೇಟರ್ ಇತ್ತು. ಗಳಿಗೆಯ ತೊಂದರೆಗೆ ತಂದದ್ದು ಅದು, ಹಗಲೂ ರಾತ್ರಿ ಓಡುವ ತಾಕತ್ತಿರಲಿಲ್ಲ. ಹೊಗೆ ಕಕ್ಕಿ ನಿಂತುಬಿಟ್ಟಿತು. ಬಾಡಿಗೆಗೆ ತರೋಣವೆಂದರೆ ಮೇ ತಿಂಗಳು, ಮದುವೆಯ ಕಾಲ. ಮೈಮೂನ ಶಾಮಿಯಾನದವರಿಗೆಲ್ಲ ಫೋನ್ ಮಾಡಿದಳು. "ಇವತ್ತು ಕಡಬದಲ್ಲಿ ಮದುವೆ, ನಾಳೆ ನೆಟ್ಟಣದ ಹತ್ತಿರ ಗೃಹಪ್ರವೇಶ. ಜನರೇಟರ್ ಎಲ್ಲಿಂದ ತರುದು ಅಕ್ಕ?" ಎಂದೇ ಎಲ್ಲರ ಉತ್ತರ. ನಮ್ಮ ಸೀಮೆಯಲ್ಲಿ ಮದುಮಗಳ ಮುಖಕ್ಕೆ ಬೆಳಕು ಬೀಳಬೇಕಾದರೂ ಡೀಸೆಲ್ ಬೇಕು.

ಬಾಗಿಲು ಮಾತ್ರ ತೆಗೆಯಬೇಡಿ ಎಂದ ಹಮೀದ್. ಒಳಗಿನ ಚಳಿ ಇರುವಷ್ಟು ಹೊತ್ತು ಇರಲಿ. ಮೈಮೂನ ಹೋಗುತ್ತ ಬರುತ್ತ ಆ ಬಾಗಿಲಿಗೆ ಅಂಗೈ ಇಡುತ್ತಿದ್ದಳು, ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ. "ಇನ್ನೂ ತಣ್ಣಗುಂಟು ಅಕ್ಕ" ಎನ್ನುತ್ತಿದ್ದಳು. ಲೈನ್‌ಮ್ಯಾನ್ ಹನುಮಂತ ರಸ್ತೆಯಲ್ಲಿ ಹೋಗುವುದು ಕಂಡು ಬೈಯಲೆಂದೇ ಇಳಿದು ಹೋದೆ. ಸೊಂಟದವರೆಗೆ ಕೆಸರು, ಕಾಲಿನಲ್ಲಿ ಉಂಬುಳ ಜಿಗಣೆ ಕಚ್ಚಿ ಇಳಿದ ರಕ್ತ. ಬಾಯಿಗೆ ಬಂದದ್ದನ್ನು ನುಂಗಿ, ಒಂದು ಲೋಟ ನೀರು ತಂದುಕೊಟ್ಟೆ.

ಒಂದು ಬೆಳಿಗ್ಗೆ ಬಾಗಿಲಿನ ಸಂದಿಯಿಂದ ವಾಸನೆ ಬಂತು. ಮೊದಲು ಸಿಹಿಯಾಗಿ, ಬಿಸಿಲೇರಿದಂತೆ ಹುಳಿಯಾಗಿ. ಹಮೀದ್ ಬಾಗಿಲು ತೆಗೆದ. ಯಾವ ಹೆಂಗಸರು ನಗುತ್ತ ಸೊಳೆ ಬಿಡಿಸಿ ತುಂಬಿಸಿದ್ದರೋ ಅವರೇ ಸೆರಗಿನಿಂದ ಮೂಗು ಮುಚ್ಚಿಕೊಂಡು ಬುಟ್ಟಿಯಲ್ಲಿ ಹೊತ್ತು ಹಿಂದಿನ ಹೊಂಡಕ್ಕೆ ಸುರಿದರು. ದನಗಳೂ ಮೂಸಿ ಮುಖ ತಿರುಗಿಸಿದವು. ಮೈಮೂನ ಅಳಲಿಲ್ಲ. ನಾನು ಅತ್ತೆ, ಜೋರಾಗಿಯೇ ಅತ್ತೆ. ಸಂಕಟ ಅರ್ಧ, ಅಣ್ಣನ ಮೇಲಿನ ಕೋಪ ಅರ್ಧ.

ಹಮೀದ್ ಖಾಲಿ ಕೋಣೆಯನ್ನು ತೊಳೆದು, ಬಾಗಿಲು ತೆರೆದಿಟ್ಟು, ಮೆಟ್ಟಿಲಲ್ಲಿ ಕುಳಿತ. ಮಧ್ಯಾಹ್ನ ಕಳೆದು ಕರೆಂಟ್ ಬಂತು. ಕೋಣೆಯೊಳಗೆ ಬಲ್ಬ್ ಹೊತ್ತಿಕೊಂಡಿತು. ಅದರ ಹಿಂದೆಯೇ ಊರಿನ ಪಂಪುಗಳು ಒಟ್ಟಿಗೆ ಎದ್ದವು. ಅಷ್ಟು ಮಳೆ ಬಂದು, ತೋಟಗಳಲ್ಲಿ ನೀರು ನಿಂತು, ಕಪ್ಪೆ ಕೂಗುತ್ತಿತ್ತು. ಆದರೂ ಆಟೋ ಸ್ಟಾರ್ಟರ್ ಬಂದ್ ಮಾಡಬೇಕೆಂದು ಒಬ್ಬರಿಗೂ ನೆನಪಾಗಿರಲಿಲ್ಲ. ನೀರಿನ ಮೇಲೆ ನೀರು ಬಿಡಲು ಅವು ಗುಂಯ್‌ಗುಟ್ಟುತ್ತಿದ್ದ ಹಾಗೆಯೇ ಬಲ್ಬ್ ಕೆಂಪಾಯಿತು, ಸಣ್ಣದಾಯಿತು, ನಂದಿತು. ಟ್ರಾನ್ಸ್‌ಫಾರ್ಮರಿನ ಕಡೆಯಿಂದ ಟಪ್ ಎಂದು ಶಬ್ದ ಬಂತು.

ಹಮೀದ್ ನಕ್ಕುಬಿಟ್ಟ. ಅವನು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನಗು ನಿಂತ ಮೇಲೆ, "ಅಲ್ಲಿ ಇಷ್ಟು ವರ್ಷದಲ್ಲಿ ಒಂದು ದಿನ ಕರೆಂಟ್ ಹೋಗ್ಲಿಲ್ಲ ಅಕ್ಕ. ಮರುಭೂಮಿ ಅದು. ನೀರೂ ಇಲ್ಲ, ಮರವೂ ಇಲ್ಲ" ಎಂದ. ಆಗಲೇ ಅವನು ಹೊರಟುಬಿಟ್ಟಿದ್ದ, ವಿಮಾನ ಹತ್ತಲು ಮಾತ್ರ ಬಾಕಿ. ಮಳೆಗಾಲ ಬಲವಾಗುವ ಮೊದಲು ಅದೂ ಆಯಿತು.

ಅವನು ಹೋದ ವಾರ ಅಣ್ಣ ನಮ್ಮಲ್ಲಿಗೆ ಬಂದಿದ್ದ. ಹೊಂಡದ ಕಡೆ ನೋಡಿ, "ಛೆ, ತುಂಬ ಬೇಜಾರಾಯ್ತು. ಸಮಿತಿಯಿಂದ ಮಂತ್ರಿಗಳಿಗೆ ಒಂದು ಮನವಿ ಕೊಡುವ. ನೀನೂ ಬರ್ಬೇಕು, ಹೆಂಗಸರು ಕಡಿಮೆ ಇದ್ದಾರೆ" ಎಂದ. ಮೈಮೂನ ಅವನಿಗೂ ಚಾ ಮಾಡಿ ತಂದಳು. ನಾನಾಗಿದ್ದರೆ ಕೊಡುತ್ತಿರಲಿಲ್ಲ.

ಈಗ ಅಣ್ಣನ ಮನೆಯ ಮಾಡಿನ ಮೇಲೆ ಸೋಲಾರ್ ಇದೆ. ಪಂಪು ಬಿಸಿಲಿಗೆ ಓಡುತ್ತದೆ, ಮಳೆಗಾಲಕ್ಕೆ ಒಳ್ಳೆಯ ಇನ್ವರ್ಟರ್ ಇದೆ. ತಡೆಯಾಜ್ಞೆಯೂ ಇದೆ, ಅಧ್ಯಕ್ಷಗಿರಿಯೂ ಇದೆ. ಟವರಿನ ಗೂಟಗಳಿಗೆ ಬಳ್ಳಿ ಹಬ್ಬಿದೆ. ಲೈನು ಇನ್ನೇನು ಬಂದೇಬಿಡುತ್ತದೆ ಎಂಬ ಸುದ್ದಿ ಮಾತ್ರ ವರ್ಷಕ್ಕೊಮ್ಮೆ ಚಿಗುರುತ್ತದೆ.

ಮೇಳದಿಂದ ಬಂದವಳು ಮನೆಗೆ ಹೋಗದೆ ನೇರವಾಗಿ ಮೈಮೂನಳಲ್ಲಿಗೆ ಹೋದೆ. ಸಂಜೆ ನಾಲ್ಕರ ಸುಮಾರು. ಅವಳು ಜಗಲಿಯಲ್ಲಿ ಕುಳಿತು ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ಅಣ್ಣನ ಭಾಷಣದ ಕಥೆಯನ್ನು ನಾನು ಕೈಬಾಯಿ ತಿರುಗಿಸಿ ಹೇಳುತ್ತಿದ್ದೆ, ಅವಳು ನಗುತ್ತಿದ್ದಳು. ಆಗ ಅವಳ ಫೋನ್ ಬಡಿಯಿತು. ಹಮೀದ್. ಸ್ಪೀಕರ್ ಹಾಕಿದಳು. ಅವರದ್ದು ಬ್ಯಾರಿ ಮಾತು. ಇಷ್ಟು ವರ್ಷದ ನೆರೆಹೊರೆಯಲ್ಲಿ ನನಗೂ ಅದು ಅರ್ಥವಾಗುತ್ತದೆ. ಊರಿನವನಲ್ಲವೇ, ಅವನೂ ಮೊದಲು ಕೇಳಿದ್ದು ಅದನ್ನೇ. ಕರೆಂಟ್ ಉಂಟಾ?

ಮೈಮೂನ ತಲೆ ಎತ್ತಿ ನಿಂತ ಫ್ಯಾನನ್ನು ಒಮ್ಮೆ ನೋಡಿದಳು. "ಉಂಟು" ಎಂದಳು. "ಈಗೀಗ ಹೋಗುದೇ ಇಲ್ಲ."

ಮಕ್ಕಳ ವಿಷಯ, ತಾಯಿಯ ಮೊಣಕಾಲು ನೋವು, ಎಲ್ಲ ಮಾತಾಡಿ ಫೋನ್ ಇಟ್ಟಳು. ನನಗೆ ತಡೆಯಲಾಗಲಿಲ್ಲ.

"ಎಂತಕ್ಕೆ ಮಾರಾಯ್ತಿ ಸುಳ್ಳು ಹೇಳಿದ್ದು?"

ಅವಳು ರಟ್ಟಿನಿಂದ ನನಗೂ ಸ್ವಲ್ಪ ಗಾಳಿ ಹಾಕಿದಳು.

"ಇಲ್ಲ ಅಂತ ಹೇಳಿದ್ರೆ ಇವರು ಅಲ್ಲೇ ಇದ್ದುಬಿಡ್ತಾರೆ ಅಕ್ಕ."